ಐದರಲ್ಲಿ ಮೂರು

ಮಂಗಳವಾರ, ಗುರುವಾರ, ಸಂಜೆ ಆರೂವರೆ.
ಒಹಾಯೋದಲ್ಲಿ, ಮಾಮೀ ಹೊಳೆಯಾಚೆ,
ಕಮ್ಯುನಿಟಿ ಕಾಲೇಜಿನ ನೂರಾ ಹದಿನಾಲ್ಕನೇ ಕೋಣೆ.
ನನ್ನ ಕೈಗಿನ್ನೂ ಈರುಳ್ಳಿ ವಾಸನೆ.
ಆರುನೂರು ಮಕ್ಕಳಿಗೆ ಊಟ ಬಡಿಸಿ ಬಂದು
ಐವತ್ತೆರಡನೇ ವಯಸ್ಸಿಗೆ ಕೂತಿದ್ದೇನೆ
‘ಅಮೆರಿಕದ ಸರ್ಕಾರ: ಪರಿಚಯ’ ಎಂಬ ಪಾಠಕ್ಕೆ,
ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿದ್ದವರಿಗೆ
ಯಾರೋ ಹೊಸದಾಗಿ ಪರಿಚಯ ಮಾಡಿಸಿದಂತೆ.

ಮೇಷ್ಟ್ರು ಸಲೀಬಾ. ಮೂರು ಕಾಲೇಜಿಗೆ ಒಬ್ಬರೇ.
ಕಾರಿನ ಡಿಕ್ಕಿಯೇ ಅವರ ಆಫೀಸು;
ಸ್ಪೇರ್ ಟೈರಿನ ಪಕ್ಕ ನಮ್ಮ ಉತ್ತರಪತ್ರಿಕೆ.
ಬೋರ್ಡಿನ ಮೇಲೆ ಮೂರು ಚೌಕ ಬರೆದರು:
ಕಾನೂನು ಮಾಡುವವರು, ನಡೆಸುವವರು, ತೀರ್ಪು ಕೊಡುವವರು.
‘ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯಬೇಕು’ ಅಂದರು.
‘ತಡೆಯೋಕಾ, ಕುಲುಕೋಕಾ?’
ಹಿಂದಿನ ಸಾಲಿಂದ ಕಾರ್ವಿನ್, ಹತ್ತೊಂಬತ್ತರ ಹುಡುಗ,
ಟರ್ಕಿ ಕೋಳಿ ಫ್ಯಾಕ್ಟರಿಯ ರಾತ್ರಿ ಪಾಳಿಯವನು.
ನಮ್ಮ ಕ್ಷೇತ್ರದ ನಕ್ಷೆ ಕಂಡು
‘ಒಣಗಲು ಹಾಕಿದ ಕಾಲುಚೀಲ’ ಅಂದವನೂ ಅವನೇ.
ಅದರ ಹಿಮ್ಮಡಿಯಲ್ಲಿ ನನ್ನ ಮನೆ.
ರಸ್ತೆ ದಾಟಿದರೆ ಲಾಂಡ್ರಿ, ಅದು ಬೇರೆಯವರ ಕ್ಷೇತ್ರ.

ಮೂರನೇ ಅಧ್ಯಾಯ. ಸೀಟು ಹಂಚಲು ತಲೆ ಎಣಿಸುವಾಗ
ಗುಲಾಮನ ತಲೆಗೆ ಐದರಲ್ಲಿ ಮೂರು.
ನನಗೆ ಭಿನ್ನರಾಶಿ ಗೊತ್ತು, ಕೈಗೇ ಗೊತ್ತು.
ಅರ್ಧಕ್ಕೆ ಕಪ್ಪಿದೆ, ಕಾಲಿಗಿದೆ, ಮೂರರಲ್ಲೊಂದಕ್ಕಿದೆ,
ಮೊಳೆಗೆ ತೂಗಿವೆ, ಕಣ್ಣು ಮುಚ್ಚಿ ತೆಗೆಯುತ್ತೇನೆ.
ಐದರಲ್ಲಿ ಮೂರಕ್ಕೆ ಕಪ್ಪಿಲ್ಲ.
ಯಾವ ಅಡುಗೆಯೂ ಅದನ್ನು ಕೇಳಿಲ್ಲ.
ಬೇಸಗೆಯ ಧಗೆಯಲ್ಲಿ, ಕಿಟಕಿ ಮುಚ್ಚಿಕೊಂಡು
ಯಾರೋ ಕೂತು ಅಳೆದಿದ್ದಾರೆ ಅದನ್ನು.

ಪಕ್ಕದಲ್ಲಿ ಓಟಿಸ್ ಪ್ರೂಯಿಟ್ ಪೆನ್ನು ನಿಂತಿತು.
ಅರವತ್ತೊಂದು ವರ್ಷ, ಲಾರಿ ಓಡಿಸಿದ ಭುಜ.
‘ಇಡೀ ಐದೂ ಎಣಿಸಿದ್ದರೆ?’
‘ಯಜಮಾನನಿಗೆ ಇನ್ನಷ್ಟು ಸೀಟು’ ಅಂದರು ಮೇಷ್ಟ್ರು.
‘ನಮ್ಮ ಮುತ್ತಜ್ಜನ ಅಜ್ಜನಿಗೆ?’
ಸಲೀಬಾ ಬೋರ್ಡಿನತ್ತ ತಿರುಗಿ ಒಂದು ಸೊನ್ನೆ ಬರೆದರು.
ಒರೆಸಲಿಲ್ಲ.
ಹೀಟರು ಕಟಕಟ ಅನ್ನುತ್ತಿತ್ತು.

ಫೆಬ್ರವರಿಯಲ್ಲಿ ಸುದ್ದಿ ಬಂತು:
ಶಾಲೆಯ ಅಡುಗೆಮನೆ ಕಂಪನಿಗೆ ಗುತ್ತಿಗೆ,
ಊಟ ಇನ್ನು ಮೇಲೆ ಹೆಪ್ಪುಗಟ್ಟಿಯೇ ಬರುತ್ತದೆ.
ತೀರ್ಮಾನ ಶಾಲಾ ಮಂಡಳಿಯದು.
ಪುಸ್ತಕ ತೆಗೆದು ಹುಡುಕಿದೆ. ಅಧ್ಯಕ್ಷನಿಗೆ ನಲವತ್ತು ಪುಟ.
ಶಾಲಾ ಮಂಡಳಿಗೆ, ನಾನೂರ ಹನ್ನೆರಡರ ಕೆಳಗೆ, ಅರ್ಧ.

ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ.
ಮೈಕಿನ ಮುಂದೆ ಹಸಿರು ದೀಪ, ಹಳದಿ, ಕೆಂಪು.
ಚೀಟಿಯಲ್ಲಿ ಬರೆದಿದ್ದೆ: ಅಹವಾಲು ಹೇಳಿಕೊಳ್ಳುವ ಹಕ್ಕು,
ಮೊದಲ ತಿದ್ದುಪಡಿ, ಕೊನೆಯ ಸಾಲು
(ಪರೀಕ್ಷೆಯಲ್ಲಿ ಮರೆತು ಎರಡು ಅಂಕ ಹೋಗಿತ್ತು).
ಚೀಟಿ ಮಡಿಸಿಟ್ಟೆ. ಶುಕ್ರವಾರ ಮಾತ್ರ
ಎರಡೆರಡು ಬನ್ನು ಜೇಬಿಗಿಳಿಸುವ ಹುಡುಗನ ವಿಷಯ ಹೇಳಿದೆ,
ಶನಿವಾರ, ಭಾನುವಾರ ಅವನಿಗೆಷ್ಟು ಉದ್ದ ಎಂದು,
ನಾನು ಕಂಡೂ ಕಾಣದಂತೆ ತಟ್ಟೆ ಒರೆಸುತ್ತೇನೆ ಎಂದು.
ಕೆಂಪು ಬಂತು. ‘ಥ್ಯಾಂಕ್ಯೂ ಮಿಸೆಸ್ ರುಪ್.’
ಮಂಡಳಿಯಲ್ಲಿ ಐದು ಜನ. ಕೈ ಎತ್ತಿಸಿದರು.
ಗುತ್ತಿಗೆಗೆ, ಐದರಲ್ಲಿ ಮೂರು.

ಆ ಮೂರಕ್ಕೂ ಈ ಮೂರಕ್ಕೂ ಹೋಲಿಕೆಯಿಲ್ಲ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ,
ಕೊನೆಯ ಕುರ್ಚಿಯಲ್ಲಿ, ಕೋಟು ಕೂಡ ಬಿಚ್ಚದೆ,
ಓಟಿಸ್ ಕೂತಿದ್ದ. ನಾನು ಕರೆದಿರಲಿಲ್ಲ.
ಪಾರ್ಕಿಂಗಿನ ಹಿಮದಲ್ಲಿ ಬೂಟು ಕೊಡವುತ್ತಾ ಅಂದ:
‘ನವೆಂಬರಿಗೆ ಎರಡು ಸೀಟು ಖಾಲಿ.
ಅರ್ಜಿಗೆ ಎಷ್ಟು ಸಹಿ ಬೇಕೋ, ಅದರಲ್ಲಿ ನನ್ನದೊಂದು.’
ನಾನು ಕಾರಿನ ಕೀಲಿ ಹುಡುಕಿದೆ, ಬಹಳ ಹೊತ್ತು.

ಪಠ್ಯಪುಸ್ತಕ ಬಾಡಿಗೆಯದು. ಮೇ ತಿಂಗಳಿಗೆ ವಾಪಸ್ಸು.
ಗೆರೆ ಎಳೆದರೆ ದಂಡ, ಹನ್ನೆರಡು ಡಾಲರ್.
ರಾತ್ರಿ ಅಡುಗೆಮನೆಯ ದೀಪ ಹಾಕಿ
ನಾನೂರ ಹನ್ನೆರಡು ತೆಗೆದೆ,
ಸೀಸದ ಕಡ್ಡಿ ಪಕ್ಕಕ್ಕಿಟ್ಟು
ಪೆನ್ನಲ್ಲೇ ಎಳೆದೆ.